ಮೂರು ಚುಕ್ಕಿ, ಒಂದು ಕೊಕ್ಕೆ

ಬಂದರಿನ ಗುಜರಿಯಿಂದ ಮೊಯ್ದಿನಬ್ಬ ತಂದದ್ದು,
ಹಳೆ ಪೇಪರಿನಲ್ಲಿ ಸುತ್ತಿ. ಮೀನಿನ ವಾಸನೆ ಮೊದಲು ಬಂತು,
ಆಮೇಲೆ ಕಬ್ಬಿಣ.

"ಬಯೊನೆಟ್ಟು ಮಾರಾಯ್ರೆ. ಕೊಚ್ಚಿಯವರೊಬ್ಬರು ಕೇಳಿದ್ದಾರೆ.
ಗುರುತು ಅಸಲಿಯಾ ನಕಲಿಯಾ, ನೀವು ಹೇಳಿದರೆ ಮುಗಿಯಿತು."

ನಾನು ಹೇಳಿದರೆ ಮುಗಿಯುವುದು ಯಾಕೆಂದರೆ
ಹಂಪನಕಟ್ಟೆಯ ಒಂದು ಮೆಟ್ಟಿಲ ಕೆಳಗೆ ಕೂತು ನಲವತ್ತು ವರ್ಷ
ಅಚ್ಚು ಕೊರೆದವನು: ತೂಕದ ಕಲ್ಲಿಗೆ, ದೋಣಿಯ ಇಂಜಿನಿಗೆ,
ಹೆಂಚಿನ ಕಾರ್ಖಾನೆಯ ಹಕ್ಕಿಗೆ ಕೂಡ.
ಉಕ್ಕಿನ ಮೇಲೆ ಬಿದ್ದ ಪೆಟ್ಟು ನನಗೆ ಕೈಬರಹ.

ಎಣ್ಣೆಬಟ್ಟೆಯಲ್ಲಿ ಒರೆಸಿ ದೀಪದಡಿ ಹಿಡಿದೆ.
ಹದಿನೇಳು ಇಂಚಿನಲ್ಲಿ ಹತ್ತು ಉಳಿದಿದೆ.
ಬುಡದಲ್ಲಿ ಕಿರೀಟ, ಅರ್ಧ ಸವೆದದ್ದು. ಹದಿನೇಳನೆಯ ಇಸವಿಯ ಮಾರ್ಚಿ.
ಮಗ್ಗುಲು ತಿರುವಿದರೆ ಗುಣಾಕಾರದ ಗೆರೆ:
ಬಾಗಿಸಿ ನೋಡಿದ್ದಾರೆ, ಮುರಿಯಲಿಲ್ಲ.
ಒಂದು ಬಾಣ, ಸರಕಾರದ್ದು.
ಅದರ ಮೂತಿಗೆ ಮೂತಿ ತಾಗಿಸಿ ಇನ್ನೊಂದು ಬಾಣ:
ಇನ್ನು ನೀನು ನಮ್ಮವನಲ್ಲ, ಹೋಗು.

ಇಷ್ಟೂ ಪುಸ್ತಕದಲ್ಲಿ ಉಂಟು.
ಇಲ್ಲದ್ದು ಹಿಡಿಯ ತುದಿಯ ಗುಬಟಿನಲ್ಲಿ:
ಮೂರು ಚುಕ್ಕಿ, ಕೆಳಗೊಂದು ಕೊಕ್ಕೆ.

ಕೊಚ್ಚಿಯವರು ಫೋನಿನಲ್ಲಿ ಉಸಿರು ಬಿಗಿಹಿಡಿದು
ಒಂಟೆ ದಳವಿರಬಹುದು ಎಂದರು, ಬಸ್ರಾ ಎಂದರು,
ಹಾಗಾದರೆ ಎರಡು ಪಟ್ಟು ಎಂದರು.

ಭೂತಗನ್ನಡಿ ಕಣ್ಣಿಗೊತ್ತಿದೆ.
ಹೊಸ ಪೆಟ್ಟಾದರೆ ಅಂಚಿನಲ್ಲಿ ಲೋಹ ಉಬ್ಬಿ ಮಿನುಗುತ್ತದೆ,
ಉಗುರಿಗೆ ಗೀರುತ್ತದೆ. ಇದು ಗೀರಲಿಲ್ಲ.
ಕುಳಿಯೊಳಗಿನ ಕಪ್ಪು ಹೊರಗಿನ ಕಪ್ಪಿನ ಒಡಹುಟ್ಟು.
ಹಳತೇ. ಆದರೆ ಪಲ್ಟಣದ ಅಚ್ಚು ಒಂದೇ ಏಟಿಗೆ ಕೂರುತ್ತದೆ;
ಈ ಕೊಕ್ಕೆಯ ಬಾಗು ಐದು ಗಿಡ್ಡ ಗೆರೆಗಳ ಜೋಡಣೆ,
ಚಾಣದ್ದು. ನಾಲ್ಕನೆಯದರಲ್ಲಿ ಕೈ ಜಾರಿದೆ.
ಮೂರನೆಯ ಚುಕ್ಕಿ ಬೇರೆ ಮೊಳೆಯದು, ಬೇರೆ ದಿನದ್ದು.

ಸುಳ್ಳು ಪೆಟ್ಟು ನನಗೆ ಗೊತ್ತಾಗುವುದು ಹೇಗೆಂದರೆ
ಒಮ್ಮೆ ಹೊಡೆದಿದ್ದೇನೆ. ಯಾರದ್ದೋ ದೋಣಿಯ ಇಂಜಿನು,
ನಂಬರಿನ ಮೂರನ್ನು ಎಂಟು ಮಾಡಿದ್ದು. ಮಗಳ ಫೀಸಿನ ತಿಂಗಳು.
ಆ ಎಂಟಿನ ಎಡಗಡೆಯ ಹೊಟ್ಟೆ ಈಗಲೂ
ನಿದ್ದೆಯಲ್ಲಿ ಉಗುರಿಗೆ ಗೀರುತ್ತದೆ.

ಮರುದಿನ ನಸುಕಿಗೆ ಧಕ್ಕೆಗೆ ಹೋದೆ, ವಾಸನೆಯ ಜಾಡು ಹಿಡಿದು.
ಬೂತಾಯಿ ರಾಶಿ, ಐಸಿನ ಪುಡಿ, ಬೈಗುಳ.
ತೊರಕೆ ಕಡಿಯುವ ಒಂದು ದಿಮ್ಮಿಯ ಪಕ್ಕೆಯಲ್ಲಿ
ಮೂರು ಚುಕ್ಕಿ, ಕೆಳಗೊಂದು ಕೊಕ್ಕೆ.

ಹಿಂದೆ ಕೂತವಳು ತಲೆಯೆತ್ತದೆ ಹೇಳಿದಳು:
"ನಮ್ಮ ಅಪ್ಪೆಯದ್ದು. ಬಾಗಿ ಮರಕಾಲ್ತಿ.
ಇಲ್ಲಿ ಕತ್ತಿ ಕೈ ಬದಲಾಗುತ್ತದಲ್ಲ, ಅದಕ್ಕೆ.
ಕೊಕ್ಕೆ ಅವಳು. ಚುಕ್ಕಿ ನಾವು ಹೆಣ್ಣುಮಕ್ಕಳು.
ಮೂರನೆಯದು ನಾನು, ತಡವಾಗಿ ಹುಟ್ಟಿದ್ದು."

ಕೊಚ್ಚಿಗೆ ತಿಳಿಸಿದೆ. ತುಸು ಮೌನ.
ಆಮೇಲೆ ಮೆಲ್ಲಗೆ: ಕೊಕ್ಕೆಗೆ ಸ್ವಲ್ಪ ಅರ ಹಾಕಿ
ಒಂಟೆ ಮಾಡಲು ಆಗುತ್ತದೆಯೇ?

ಕಾಗದದಲ್ಲಿ ಬರೆದೆ: ಅಲಗು ಅಸಲಿ. ಬಾಣಗಳು ಅಸಲಿ.
ಚುಕ್ಕಿ, ಕೊಕ್ಕೆ ಅಸಲಿ. ದಳ: ಧಕ್ಕೆ.
ಕೆಳಗೆ ನನ್ನ ಮೊಹರು, ನಾನೇ ಕೊರೆದದ್ದು.

ಮೊಯ್ದಿನಬ್ಬ ಕಾಗದ ನೋಡಿದ, ನನ್ನನ್ನು ನೋಡಿದ.
ಅವನ ಮುನ್ನೂರು ರೂಪಾಯಿ ನಾನೇ ಕೊಟ್ಟೆ.

ಮೂರನೆಯ ಚುಕ್ಕಿಯ ಕೈಗೆ ಕೊಟ್ಟಾಗ
ಅವಳು ಕಿರೀಟ ನೋಡಲಿಲ್ಲ, ಇಸವಿ ನೋಡಲಿಲ್ಲ.
ಹೆಬ್ಬೆರಳನ್ನು ಅಲಗಿಗೆ ಅಡ್ಡ ಎಳೆದು ಕೇಳಿದಳು:
"ಹರಿತ ಎಲ್ಲಿ ಹೋಯಿತು?"