ನಕ್ಷೆಯಲ್ಲಿಲ್ಲದ ಕಂಬ

ನಿಲ್ದಾಣದ ಹೆಸರು ಹೇಳುವುದಿಲ್ಲ.
ಹೇಳಿದರೆ ಗುತ್ತಿಗೆ ಹೋಗುತ್ತದೆ,
ನನ್ನದಲ್ಲ, ಐವನ್ ಕ್ವಾಡ್ರಸರದು;
ಅದರ ಬೆನ್ನಿಗೇ ನನ್ನ ವೀಸಾ.
ದೋಹಾದ ಒಂದು ನಿಲ್ದಾಣ ಎಂದಿಟ್ಟುಕೊಳ್ಳಿ,
ನೆಲ ಎಷ್ಟು ನುಣುಪೆಂದರೆ
ಬಗ್ಗಿದವನಿಗೆ ತನ್ನ ಮೂಗಿನ ಬೆವರೂ ಕಾಣುತ್ತದೆ.

ರೈಲು ಎಷ್ಟು ನಿಮಿಷಕ್ಕೆ ಎಂದು ಹೇಳುವ ಬೋರ್ಡನ್ನು
ಅಲ್ಲಿ ನೇತುಹಾಕಿದವನು ನಾನು.
ಏಣಿಯ ಮೇಲಿಂದಲೇ ಕಂಡಿತು:
ಬೆಂಚಿಗೂ ಬೋರ್ಡಿಗೂ ನಡುವೆ ಒಂದು ಕಂಬ,
ಮದುವೆ ಫೋಟೋಕ್ಕೆ ಅಡ್ಡ ಬಂದು
ಅಲ್ಲೇ ನಿಂತುಬಿಟ್ಟ ದೊಡ್ಡಪ್ಪನ ಹಾಗೆ.
ಕೆಳಗೆ ಏಣಿ ಹಿಡಿದಿದ್ದ ಲೋಕೇಂದ್ರನೂ ನಕ್ಕ.
ಇಂಜಿನಿಯರ್ ವಗ್ದಿ ಹಾಳೆ ಬಿಡಿಸಿ
ಬೆರಳಿಟ್ಟು ತೋರಿಸಿದರು:
ನೋಡು, ಇದರಲ್ಲಿ ಕಂಬ ಇಲ್ಲ.
ನಿಜ, ಇರಲಿಲ್ಲ.
ನಾಲ್ಕು ಬೋಲ್ಟು ಬಿಗಿದು ಇಳಿದೆ.

ಇಳಿದು ಗಡಿಯಾರ ನೋಡಿಕೊಂಡೆ. ಕತ್ತಲು.

ಈ ಗಡಿಯಾರದ ಕತೆ ಬೇರೆ.
ಸೆಕೆಗೆ ಯಾರೂ ಬೀಳಬಾರದೆಂದು ಕಂಪನಿ ಕಟ್ಟಿಸಿದ್ದು.
ಕೈ ಎತ್ತಿದರೆ ಬೆಳಗುತ್ತದೆ, ಇಳಿಸಿದರೆ ಆರುತ್ತದೆ.
ಕೂತು ಕಾಫಿ ಕುಡಿಯುವವನ ಕೈಗೆ ಸರಿ.
ನನ್ನ ಕೈ ದಿನವಿಡೀ ತಲೆಯ ಮೇಲೆ, ಚಾವಣಿಯೊಳಗೆ;
ನಾನು ನೋಡಲಾಗದ ಹೊತ್ತೆಲ್ಲ ಅದು ಉರಿಯುತ್ತದೆ,
ತಂತಿಗಳಿಗೆ, ದೂಳಿಗೆ ಸಮಯ ಹೇಳುತ್ತ.

ಆಗಸ್ಟಿನಲ್ಲಿ ಒಮ್ಮೆ, ಹೊರಗಿನ ಮೆಟ್ಟಿಲ ಬಳಿ,
ಅದು ನಡುಗಿ ಕೇಳಿತು: ನೀವು ಚೆನ್ನಾಗಿದ್ದೀರಾ?
ಹೌದು, ಇಲ್ಲ, ಎರಡು ಗುಂಡಿ.
ಬಿಸಿಲಿಗೆ ಯಾವುದು ಯಾವುದೆಂದು ತಿಳಿಯದು.
ಬೆರಳನ್ನು ಅಂಗಿಗೆ ಒರೆಸಿದೆ, ಅಂಗಿಯೂ ಒದ್ದೆ.
ಒದ್ದೆ ಬೆರಳನ್ನು ಅದು ಬೆರಳೆಂದು ಒಪ್ಪುವುದಿಲ್ಲ ಮಾರಾಯ!
ಬೆವರುವವನಿಗೆಂದೇ ಮಾಡಿದ್ದು,
ಬೆವರೊಂದು ಮಾತ್ರ ಅದಕ್ಕೆ ಗೊತ್ತಿಲ್ಲ.
ಕೊನೆಗೆ ಮೊಣಕೈಯಿಂದ ಒತ್ತಿದೆ.
ಯಾವುದಕ್ಕೆ ಬಿತ್ತೋ, ಧನ್ಯವಾದ ಎಂದಿತು.

ಮೊನ್ನೆ ಶುಕ್ರವಾರ ಪ್ರಯಾಣಿಕನಾಗಿ ಹೋದೆ,
ಇಸ್ತ್ರಿ ಅಂಗಿ, ಅದೇ ಬೆಂಚು.
ಕಂಬ ಬೋರ್ಡಿನ ಅರ್ಧ ನುಂಗಿ ನಿಂತಿತ್ತು:
ಎಲ್ಲಿಗೆ ಎಂಬುದು ಕಾಣುತ್ತದೆ, ಯಾವಾಗ ಎಂಬುದು ಕಾಣದು.
ಬಂದವರು ಕೂರುತ್ತಾರೆ, ಏಳುತ್ತಾರೆ,
ಕಂಬಕ್ಕೆ ಭುಜ ಆನಿಸಿ ಕತ್ತು ಚಾಚುತ್ತಾರೆ,
ತಿರುಗಿದರೆ ಕೂತಿದ್ದ ಜಾಗ ಹೋಗಿರುತ್ತದೆ.
ಕಂಬದ ಆ ಮಗ್ಗುಲಲ್ಲಿ
ಭುಜದೆತ್ತರಕ್ಕೆ ಒಂದು ಕಲೆ,
ಎಣ್ಣೆಯದೋ, ಬೆವರಿನದೋ, ಅತ್ತರಿನದೋ.
ತುಸು ಕೆಳಗೆ ಇನ್ನೊಂದು, ಕುಳ್ಳಗಿರುವವರದು.
ಅದಕ್ಕೂ ಕೆಳಗೆ ಅಂಗೈಯಗಲದ್ದು, ಮಕ್ಕಳದು.
ಒರೆಸುವ ಹುಡುಗ ದಿನಾ ಒರೆಸುತ್ತಾನಂತೆ.
ಸಂಜೆಗೆ ಮತ್ತೆ ಹಾಜರು.

ಎರಡೂ ಕೈಲಿ ಚೀಲ ಹಿಡಿದ ಒಬ್ಬಾಕೆ,
ಸಿಂಹಳದವರಿರಬೇಕು,
ಏಳಲು ಹೊರಟು, ಚೀಲ ನೋಡಿ, ಸುಮ್ಮನಾದರು.
ನಾನು ಎದ್ದು ನೋಡಿ ಬಂದು
ನಾಲ್ಕು ಬೆರಳು ತೋರಿಸಿದೆ.
ಆಮೇಲೆ ಇನ್ನೊಬ್ಬನಿಗೆ ಮೂರು.
ಬಿಳಿ ಗಡ್ಡದ ಪಠಾಣನಿಗೆ ಎರಡು;
ಅವನು ಪಕ್ಕದವನಿಗೆ ತನ್ನ ಭಾಷೆಯಲ್ಲಿ ಏನೋ ಹೇಳಿದ,
ಎರಡೆಂದೇ ಇರಬೇಕು.

ಕೈ ಎತ್ತಿದಾಗಲೆಲ್ಲ ಗಡಿಯಾರ ಬೆಳಗಿರಬೇಕು.
ನೋಡಿಕೊಳ್ಳಲಿಲ್ಲ.

ರೈಲು ಬಂತು, ಬೆಂಚು ಖಾಲಿಯಾಯಿತು.
ಬಾಗಿಲು ಮುಚ್ಚುವಷ್ಟರಲ್ಲಿ ಹೊಸಬನೊಬ್ಬ ಬಂದು ಕೂತು
ಕಂಬದ ಕಡೆ ನೋಡತೊಡಗಿದ.
ಹದಿನೇಳರ ಸ್ಪ್ಯಾನರು, ನಾಲ್ಕು ಬೋಲ್ಟು,
ಒಂದೂವರೆ ಮೀಟರು ಎಡಕ್ಕೆ.
ಇಪ್ಪತ್ತು ನಿಮಿಷದ ಕೆಲಸ.
ಲೋಕೇಂದ್ರ ಏಣಿ ಹಿಡಿದರೆ ಹದಿನೈದು.