ಬಾಗಲದಿಂದ ಕಾಣೂ ಊರು

ಗುಳೇದಗುಡ್ಡದ ನೇಕಾರರ ಸೊಸಾಯ್ಟಿಯೊಳಗ
ನನ್ನ ಕುರ್ಚಿಯ ನೆತ್ತಿಮ್ಯಾಲ
ಒಂದು ಚಿತ್ರ ತೂಗತೈತಿ, ಹತ್ತೊಂಬತ್ತು ವರ್ಷ.
ರಾಚೋಟಿ ಮಾಸ್ತರು ಬರದದ್ದು: ನಮ್ಮೂರು, ಮುಂಜಾನಿ,
ಗುಡ್ಡದ ಮ್ಯಾಲ ಛತ್ರಿ ಸಿಗಿಸಿ, ಒಂದ ತಾಸಿನ್ಯಾಗ,
ಬಿಸಲು ಹೊಳ್ಳೂದ್ರೊಳಗ ಮುಗೀಬೇಕಂತ ಗಡಬಡಿಸಿ.
"ಫ್ರಾನ್ಸಿನ ಮಂದಿ ಹಿಂಗ ಬರೀತಿದ್ರೋ ತಮ್ಮಾ,
ನೆರಳಿಗೆ ಕರಿ ಹಚ್ಚಬಾರದು" ಅಂದಿದ್ರು.

ನಾ ಲೆಜ್ಜರಿನ ಮನಷ್ಯಾ.
ನನಗ ಕಂಡದ್ದು ಮುದ್ದಿ ಮುದ್ದಿ ಬಣ್ಣ,
ಹೊಲಿಗಿ ಬಿಚ್ಚಿದ ಕೌದಿ,
ವರ್ಷಕ್ಕೊಮ್ಮೆ ಧೂಳು ಹೊಡಿಯೂವಾಗ
ಮೂಗಿಗೆ ತಾಗೂವಷ್ಟು ಸನೇಕ.

ನಿನ್ನೆ ಕಾಶವ್ವ ಬಂದ್ಲು, ಖಣದ ಗಂಟು ಹೊತ್ತು.
ಬಾಕಿ ಕೇಳಾಕ ಬಂದಾಕಿ
ಬಾಗಲದಾಗ ನಿಂತಬಿಟ್ಲು.
"ಅದು ನಮ್ಮ ಓಣಿ ಅಲ್ಲೇನ್ರಿ?"
"ಎಲ್ಲಿ?"
"ಆ ಹಳದಿ ಗೆರಿ. ಗೆರಿ ಅಲ್ಲದು, ಹಾಸು.
ಓಣಿ ತುಂಬ ಎಳದಿದ್ವಿ, ಗಂಜಿ ಕುಡಿಸಿ,
ಎರಡೂ ಕಡೆ ಕುಂಚ ಹಿಡದು ಎಂಟು ಮಂದಿ.
ಸುಡಗಾಡ ಗಾಳಿ ಆವತ್ತು,
ಎಳಿ ಪಟಪಟ ಹರೀತಿದ್ವು,
ನಮ್ಮತ್ತಿಗೆ ಕೇಳೂಹಂಗ ಬೈಯಾಕತ್ತಿದ್ದೆ ನಾ."

ಖರೇನ, ಗೆರಿಯ ನಡುವ ಒಂದು ಕಡೆ
ಬಣ್ಣ ಹರದು ಬರೀ ಕ್ಯಾನ್ವಾಸು.
ನಾ ಅದನ್ನ ಹುಳ ತಿಂದದ್ದು ಅಂದಕೊಂಡಿದ್ದೆ.

"ನೆರಳು ನೀಲಿ ಯಾಕವಾ?"
"ಮತ್ತೇನಿರಬೇಕು?
ಚಂದ್ರಕಾಳಿ ಸೀರಿ ಬಿಸಲಿಗೆ ಹಿಡದು ನೋಡ್ರಿ,
ಕರಿ ಅಂತೀರೇನು?
ಇಲ್ಲಿ ಬರ್ರಿ, ಅಲ್ಲೇ ಕುಂತ್ರ ಕಾಣೂದಿಲ್ಲ."

ಎದ್ದೆ. ಟೇಬಲ್ ದಾಟಿ,
ರೊಕ್ಕಕ್ಕ ಕಾಯಾವರ ಬಾಕು ದಾಟಿ,
ಹೊಸ್ತಿಲದಾಗ ಆಕಿ ಬಾಜೂಕ ನಿಂತೆ,
ಇಷ್ಟು ವರ್ಷ ಅವರು ನಿಂತ ಜಾಗಾದಾಗ.

ಮುದ್ದಿಯೆಲ್ಲ ಸರದು ಸರದು ಕುಂತ್ವು.
ಮಾಳಿಗಿ ಆದ್ವು, ಬೇವಿನ ಗಿಡ ಆತು,
ಕೆಂಪ ಕಲ್ಲಿನ ಗುಡ್ಡ ಒಲಿ ಹೊಗಿಯೊಳಗಿಂದ ಎದ್ದು ಬಂತು.
ಓಣಿಯೊಳಗ ಎಂಟು ಚುಕ್ಕಿ,
ಒಂದು ಬಾಯಿ ತೆರದಂಗ...
ಇಲ್ಲ, ಅದು ಬರೇ ಗುಲಾಬಿ ಬಣ್ಣ.
ಕೆಳಗ, ಚೌಕಟ್ಟಿಗೆ ಹತ್ತಿ, ನನ್ನ ಖಾಲಿ ಕುರ್ಚಿ.

"ನೋಡಿದ್ರಿಲ್ಲ?" ಕಾಶವ್ವ ಆಗಲೇ ಗಂಟು ಬಿಚ್ಚಿದ್ಲು.
"ಈಗ ಎಣಸ್ರಿ. ಹತ್ತು ಖಣ ಹೆಚ್ಚಿಗಿ ಅದಾವ.
ಹ್ವಾದ ತಿಂಗಳ ಬಾಕೀನೂ ಬರಕೋರಿ,
ಅದಕ್ಕ ಮಾತ್ರ ಕರಿ ಮಸೀನ ಇರ್ಲಿ."