ಅಳತೆ ಪುಸ್ತಕದ ಹಿಂದಿನ ಪುಟ

ಆ ಕಾಫಿಪುಡಿ ಪೊಟ್ಟಣದ ಮೇಲೆ ನಗುತ್ತಿರುವವಳ ರವಿಕೆ
ನಾನು ಹೊಲಿದದ್ದು.
ಎದೆ ಮೂವತ್ತನಾಲ್ಕು, ತೋಳು ಒಂಬತ್ತು, ಕೆಂಪು ಅಂಚು.
ನಗು ಅಮ್ಮಿಣಿಯದು.
ಬುಟ್ಟಿ ಮಾತ್ರ ಅಂಗಡಿಯಿಂದ ತಂದದ್ದು.
ಹಣ್ಣು ಕುಯ್ಯುವವರು ಬುಟ್ಟಿ ಕಂಡು ಎಷ್ಟು ಕಾಲವಾಯಿತೋ,
ಸೊಂಟಕ್ಕೆ ಕಟ್ಟುವುದು ಗೊಬ್ಬರದ ಚೀಲ.

ಫೋಟೋ ಮುಗಿದ ಸಂಜೆ ಎಂಟು ರವಿಕೆಯನ್ನೂ ಬಿಚ್ಚಿಸಿ
ಜೀಪಿಗೆ ಹಾಕಿಕೊಂಡು ಹೋದರು.
ಅಮ್ಮಿಣಿಗೆ ನೂರು ರೂಪಾಯಿ, ಒಂದು ಬನ್ನು.
ನನ್ನ ಹೊಲಿಗೆ ಕೂಲಿ ಪೂರ್ತಿ, ಅಂದೇ, ನಗದು.
ಅದನ್ನೂ ಹೇಳಬೇಕಲ್ಲ.

ಪೊಟ್ಟಣದ ಹಿಂದೆ ಬರೆದಿದೆ:
ನೀವು ಕುಡಿಯುವ ಪ್ರತಿ ಲೋಟದಲ್ಲೂ
ಒಬ್ಬ ಹೆಣ್ಣುಮಗಳ ಮನೆಯ ದೀಪ.
ಆ ಲೈನ್ ಮನೆಯಲ್ಲಿ ದೀಪವಿದೆ, ಸುಳ್ಳಲ್ಲ.
ಹನ್ನೊಂದು ಮನೆಗೆ ಒಂದು ಕಕ್ಕಸು,
ಬಾಗಿಲಿರಬೇಕಾದ ಕಡೆ ಗೋಣಿ.

ಅಂದಿನಿಂದ ಆ ಪುಡಿ ಕೊಳ್ಳುತ್ತಿಲ್ಲ.
ದೊಡ್ಡ ಮಾತೇನಲ್ಲ, ತಿಂಗಳಿಗೆ ಕಾಲು ಕಿಲೋ.
ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹಿಂದೆ
ಒಬ್ಬ ಹೊಲಿಗೆಯವಳು ಮುನಿಸಿಕೊಂಡಿದ್ದಾಳೆಂದು
ಕಂಪನಿಗೆ ಗೊತ್ತೂ ಆಗುವುದಿಲ್ಲ.

ಆದರೂ ಅಳತೆ ಪುಸ್ತಕದ ಹಿಂದಿನ ಪುಟದಿಂದ
ಒಂದು ಪಟ್ಟಿ ಶುರುವಾಯಿತು.
ನನ್ನೆದುರು ಸೆರಗು ಸರಿಸಿ ಕೈಯೆತ್ತಿ ನಿಲ್ಲುವವರು
ಮಾತನ್ನೂ ಬಿಚ್ಚುತ್ತಾರೆ.
ಚೀಲದ ಭಾರವೆಂದು ಎರಡೆರಡು ಕಿಲೋ ಕಳೆಯುವ ರೈಟ್ರು
ಯಾವ ತೋಟದವರು,
ಬಸುರಿಯನ್ನು ಮೆಣಸಿನ ಏಣಿ ಹತ್ತಿಸಿದ್ದು ಯಾರು,
ಆನೆ ತುಳಿದವನ ಹೆಸರನ್ನು
ಹಾಜರಿ ಪುಸ್ತಕದಿಂದ ರಾತ್ರೋರಾತ್ರಿ ಅಳಿಸಿದ್ದು ಯಾರು.
ಕೆಲವರ ಮುಂದೆ ಕಾಟು. ಕೆಲವರ ಮುಂದೆ, ಗೊತ್ತಿಲ್ಲವೆಂದು, ಚುಕ್ಕಿ.

ಒಂದು ಹೋಂಸ್ಟೇಯ ನಲವತ್ತು ಪರದೆ ಬೇಡವೆಂದೆ.
ಆ ತಿಂಗಳು ಗ್ಯಾಸಿಲ್ಲ, ಸೌದೆ.
ಪಕ್ಕದ ಹಿಟ್ಟಿನ ಗಿರಣಿಯ ಬೋಜಮ್ಮ ಕೇಳಿದಳು:
ನಿನ್ನ ನೀತಿ ಎಷ್ಟು ವಿಶಲ್ಲಿಗೆ ಬೇಯುತ್ತದೆ?

ಆಮೇಲೆ ಇನ್ನೊಂದು ಪಟ್ಟಿ ಬಂತು,
ಅಚ್ಚು ಹಾಕಿಸಿದ್ದು, ಬಾಗಿಲ ಸಂದಿಯಲ್ಲಿ.
ಇವರಲ್ಲಿ ಕೊಳ್ಳಬೇಡಿ.
ಹದಿನಾರು ಅಂಗಡಿ.
ತೂಕದ ಮಾತಿಲ್ಲ, ಕೂಲಿಯ ಮಾತಿಲ್ಲ,
ಹೆಸರೇ ಸಾಕು.
ಏಳನೆಯದು ಕುಂಞಾಲಿ ಇಕ್ಕನ ನೂಲು-ಗುಂಡಿಯ ಅಂಗಡಿ,
ಅವ್ವ ಆಸ್ಪತ್ರೆಯಲ್ಲಿದ್ದ ಎರಡು ತಿಂಗಳು
ನನಗೆ ಸಾಲ ಕೊಟ್ಟದ್ದು.
ಕೊನೆಯಲ್ಲಿ ದಪ್ಪಕ್ಷರ: ನಿಮ್ಮ ಹಣ, ನಿಮ್ಮ ಮೌಲ್ಯ.

ನನ್ನದನ್ನು ತೆಗೆದು ಪಕ್ಕದಲ್ಲಿಟ್ಟೆ.
ಹೆಸರು, ಹೆಸರು, ಕಾಟು.
ಸ್ವಲ್ಪ ದೂರ ಹಿಡಿದರೆ ಅಕ್ಕತಂಗಿಯರು.
ಹೊಟ್ಟೆ ತೊಳಸಿತು.

ಟೇಪು ಹಿಡಿಯದೆ ನಾನು ಯಾರನ್ನೂ ಬರೆದಿಲ್ಲ
ಅಂದುಕೊಂಡೆ.
ಪೂರ್ತಿ ನಿಜವಲ್ಲ. ಕೇಳಿ ಬರೆದದ್ದೂ ಇದೆ,
ಸಿಟ್ಟಿನಲ್ಲಿ ಬರೆದದ್ದು ಒಂದು.
ಹರಿದುಬಿಡೋಣವೆಂದು ಹಾಳೆ ಎಳೆದೆ,
ಹಿಂಬದಿಗೆ ಅಮ್ಮಿಣಿ:
ಎದೆ ಮೂವತ್ತನಾಲ್ಕು, ತೋಳು ಒಂಬತ್ತು.
ಮಡಚಿ ಇಟ್ಟೆ.

ಮರುದಿನ ಸಂತೆ.
ಕುಂಞಾಲಿ ಇಕ್ಕನಲ್ಲಿ ಎರಡು ಗ್ರೋಸು ಹುಕ್ಕು ಕೊಂಡೆ,
ಇದ್ದದ್ದೇ ಮುಗಿದಿರಲಿಲ್ಲ.
ಎದುರಿನ ಮೊಬೈಲ್ ಅಂಗಡಿಯ ಮೆಟ್ಟಿಲಿನಿಂದ
ಯಾರೋ ಬೇಕೆಂದೇ ಕೆಮ್ಮಿದರು.
ಇಕ್ಕ ನೋಟು ಎಣಿಸಲಿಲ್ಲ, ನನ್ನ ಮುಖ ನೋಡಿದರು,
ಚಾ ತರಿಸ್ತೇನೆ ಅಂದರು.

ಚಾ ಬೇಡ, ಅಂದೆ.
ಪಂಕಜಾಕ್ಷಿಗೆ ತಿಂಗಳಿಗೆ ಎಷ್ಟು ಕೊಡ್ತೀರಿ?

ಲೇಸು ಅಳೆಯುತ್ತಿದ್ದ ಪಂಕಜಾಕ್ಷಿಯ ಕೈ ನಿಂತಿತು.
ಬೆಳಿಗ್ಗೆ ಎಂಟೂವರೆಯಿಂದ ನಿಂತೇ ಇರುವವಳು.
ಇಕ್ಕ ಬೀದಿಯ ಕಡೆ ಒಮ್ಮೆ, ಗಲ್ಲೆಯ ಕಡೆ ಒಮ್ಮೆ ನೋಡಿ
ದನಿ ತಗ್ಗಿಸಿದರು:
ಇವತ್ತೇ ಕೇಳಬೇಕಿತ್ತಾ?

ಇವತ್ತೇ, ಅಂದೆ.
ನಾಳೆಯೂ ನಾನು ಇಲ್ಲಿಗೇ ಬರಬೇಕಲ್ಲ.